ಕೋರ್ಟು ಏಳುವವರೆಗೆ

ಮಾರ್ಚ್ 4, ಬುಧವಾರ

ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ನಿನ್ನೆ ಸಂಜೆಯಿಂದ ನಾನು ಆರೋಪಿ. ಸಮಸ್ತ ಸಾರ್ವಜನಿಕರು ಎಂದರೆ ಈ ನೋಟುಪುಸ್ತಕದ ಮಟ್ಟಿಗೆ ನಾನೊಬ್ಬಳೇ. ಆದರೂ ಪ್ರಕಟಣೆಗೊಂದು ಮರ್ಯಾದೆ ಇರಬೇಕು.

ಕೈಗೆ ಕೊಟ್ಟ ಕಾಗದದಲ್ಲಿ ಹೀಗಿದೆ: 'ಸಾರ್ವಜನಿಕ ಸ್ಥಳದಲ್ಲಿ ಅಶಿಸ್ತಿನ ವರ್ತನೆ. ಲಘು ಅಪರಾಧ.' ಲಘು ಎಂಬ ಮಾತನ್ನು ಪೇದೆ ಎರಡು ಸಲ ಓದಿ ಹೇಳಿದ. "ಹೆದರ್ಕೋಬೇಡಮ್ಮ, ಲಘು ಅಷ್ಟೇ." ಉಪಾಹಾರ ಬಡಿಸುವವನ ದನಿಯಲ್ಲಿ ಹೇಳಿದ. ಇಪ್ಪತ್ನಾಲ್ಕು ವರ್ಷ ಕಾದು ಕಾದು ಒಂದು ಅಪರಾಧ ಮಾಡಿದರೆ ಅದೂ ಮಕ್ಕಳ ಅಳತೆಯದು.

ಘಟನೆಯ ವಿವರ. ಬಸ್ ನಿಲ್ದಾಣದ ಮೈಕು ನನ್ನದು. ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ, ಯಾರ ಕೊಡೆ ಸಿಕ್ಕಿದೆ, ಯಾರ ಅಜ್ಜಿ ಕಳೆದುಹೋಗಿದ್ದಾರೆ ಎಂದು ಕೂಗುವವಳು ನಾನು. ನಿಲ್ದಾಣದಲ್ಲಿ ನನ್ನನ್ನು ಮೈಕಮ್ಮ ಅನ್ನುತ್ತಾರೆ. ನನ್ನ ಗೂಡಿಗೆ ಮೂರು ಗೋಡೆ, ಒಂದು ಗಾಜು, ಒಂದು ಕೆಂಪು ದೀಪ. ದೀಪ ಉರಿಯುವಾಗ ಹೊರಗಿನ ಸದ್ದು ಮೈಕಿಗೆ ಬೀಳದಂತೆ ಬಾಗಿಲ ಚಿಲಕ ಹಾಕಬೇಕು. ಗೋಡೆಗೆ ಮೊಳೆ ಹೊಡೆದ ನಿಯಮದ ಹಲಗೆ: 'ಹೊರಡುವ ಸಮಯಕ್ಕೆ ಚಾಲಕರು ಬಾರದಿದ್ದಲ್ಲಿ, ಬಂದು ಹಾಜರಿ ಹೇಳುವವರೆಗೆ ಮೂರು ನಿಮಿಷಕ್ಕೊಮ್ಮೆ ಕರೆಯತಕ್ಕದ್ದು. ಕರೆಯ ಫಲವನ್ನು ಪುಸ್ತಕದಲ್ಲಿ ಬರೆಯತಕ್ಕದ್ದು.'

ನಿನ್ನೆ ಮೂರು ನಲವತ್ತರ ಬಸ್ಸಿಗೆ ಪಟ್ಟಿಯಲ್ಲಿ ಚಾಲಕ ಇಪ್ಪತ್ತೇಳು ಎಂದಿತ್ತು. ಕರೆದೆ. ಬರಲಿಲ್ಲ. ನಿಯಮದಂತೆ ಮತ್ತೆ ಕರೆದೆ. ಹೀಗೆ ಹದಿನಾಲ್ಕು ಸಲ.

ಅಲ್ಲಿ ಆರನೇ ಅಂಕಣದಲ್ಲಿ ಚಾಲಕ ನಲವತ್ತೊಂದು ಆಗಲೇ ಸೀಟಿನಲ್ಲಿ ಕೂತು ಎಂಜಿನ್ ಚಾಲೂ ಮಾಡಿದ್ದನಂತೆ. ಡ್ಯೂಟಿ ಅವನದೇ. ಪ್ರಯಾಣಿಕರು ಕೇಳಬೇಕಲ್ಲ. "ಡ್ರೈವರು ಬಂದಿಲ್ಲ ಅಂತ ಮೈಕಲ್ಲಿ ಬಾಯಿ ಬಡ್ಕೊತಿದಾರೆ, ನೀನ್ಯಾವನಯ್ಯಾ?" "ನಾನೇ ಡ್ರೈವರು." "ಹಾಗಂತ ಬಸ್ ಕದಿಯೋ ಎಲ್ಲರೂ ಹೇಳ್ತಾರೆ." ಆ ಬಡಪಾಯಿಯ ಅಂಗಿಯ ತೋಳು ಒಬ್ಬರ ಕೈಯಲ್ಲಿ, ಟೊಪ್ಪಿ ಇನ್ನೊಬ್ಬರ ಕೈಯಲ್ಲಿ. ಅವನನ್ನು ಬಿಡಿಸಲು ಹೋದವರಿಂದ ಟಿಕೆಟ್ ಕಿಟಕಿಯ ಗಾಜು ಒಡೆಯಿತು. ಮೇಲ್ವಿಚಾರಕರು ಬಂದು ನನ್ನ ಬಾಗಿಲು ಬಡಿದರು. ಕೆಂಪು ದೀಪ ಉರಿಯುತ್ತಿತ್ತು, ತೆಗೆಯಲಿಲ್ಲ. ಕೊನೆಗೆ ಫ್ಯೂಸ್ ಕಿತ್ತರು. ಹದಿನೈದನೆಯ ಕರೆ ಬಾಯಲ್ಲೇ ಉಳಿಯಿತು.

ಚಾಲಕ ಇಪ್ಪತ್ತೇಳು ಬರುವ ಸ್ಥಿತಿಯಲ್ಲಿಲ್ಲ. ಅದು ನನಗೆ ಗೊತ್ತಿತ್ತು. ಆ ವಿಷಯ ನಾಳೆ.

ಊಟ: ಆಯಿತು. ರುಚಿ: ವರದಿಯಾಗಿಲ್ಲ.


ಮಾರ್ಚ್ 5, ಗುರುವಾರ

ನಾಳೆ ಎಂದದ್ದು ಇವತ್ತೇ ಬಂದುಬಿಟ್ಟಿತು.

ಚಾಲಕ ಇಪ್ಪತ್ತೇಳು ನನ್ನ ಅಣ್ಣ. ಹನ್ನೊಂದು ವಾರದ ಹಿಂದೆ, ಮೂರು ನಲವತ್ತರ ಬಸ್ಸು ಹೊರಡಬೇಕಾದ ಹೊತ್ತಿಗೆ, ಚಾಲಕರ ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ ಎದೆಬಡಿತ ನಿಂತು ತೀರಿಹೋದ. ಮೂವತ್ತಾರು ವಯಸ್ಸು. ಬರೆದಾಯಿತು. ನಾಲ್ಕು ಸಾಲು ಕೂಡ ಹಿಡಿಯಲಿಲ್ಲ.

ಅವನ ಸಮವಸ್ತ್ರದ ಕೋಟು ಇನ್ನೂ ಬಾಗಿಲ ಹಿಂದಿನ ಗೂಟದಲ್ಲಿದೆ. ಯಾರೂ ತೆಗೆಯುತ್ತಿಲ್ಲ, ಯಾರೂ ತೆಗೆಯಬೇಡಿ ಎಂದೂ ಹೇಳಿಲ್ಲ. ಬಾಗಿಲು ತೆರೆದಾಗಲೆಲ್ಲ ಅದರ ತೋಳು ಒಂದಿಷ್ಟು ಆಡುತ್ತದೆ.

ಮನೆಯಲ್ಲಿ ಈಗ ಮೂರು ಹೆಂಗಸರು: ಅಮ್ಮ, ಅತ್ತಿಗೆ, ಆರೋಪಿ. ನಿಲ್ದಾಣದಲ್ಲಿ ಎಲ್ಲರೂ ಆ ಹದಿನಾಲ್ಕು ಕರೆಯನ್ನು ನನ್ನ ಹಳೇ ತಮಾಷೆಯ ಚಾಳಿ ಎಂದೇ ನಂಬಿದ್ದಾರೆ. ನನ್ನ ಇತಿಹಾಸವೂ ಹಾಗಿದೆ, ಒಪ್ಪುತ್ತೇನೆ. ಐದನೇ ಅಂಕಣದಿಂದ ಚಂದ್ರಲೋಕಕ್ಕೆ ಹೊರಡುವ ಬಸ್ಸು ತಾಂತ್ರಿಕ ಕಾರಣದಿಂದ ರದ್ದಾಗಿದೆ ಎಂದು ಕೂಗಿದವಳು ನಾನೇ. ಇಬ್ಬರು ಟಿಕೆಟ್ ವಾಪಸಾತಿಗೆ ಸಾಲಿನಲ್ಲಿ ನಿಂತಿದ್ದರು. ಅದಕ್ಕೆ ಎಚ್ಚರಿಕೆ ಪತ್ರ ಬಂದಿತ್ತು. ಅಣ್ಣ ಅದಕ್ಕೆ ಚೌಕಟ್ಟು ಹಾಕಿಸಿಕೊಟ್ಟಿದ್ದ.

"ಸತ್ತ ಅಣ್ಣನ ನಂಬರಿನ ಮೇಲೂ ತಮಾಷೆ ಮಾಡಿದಳಂತೆ." ಇದು ಪಕ್ಕದ ಮನೆಯವರ ಮಾತು. ನಮ್ಮ ಗೋಡೆ ತೆಳ್ಳಗಿದೆ. ಅತ್ತಿಗೆಗೂ ಕೇಳಿಸಿರಬೇಕು. ತಟ್ಟೆ ತೊಳೆಯುತ್ತಿದ್ದರು, ನೀರಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.


ಮಾರ್ಚ್ 9, ಸೋಮವಾರ

ಮಾನ್ಯ ಮೇಲ್ವಿಚಾರಕರು ಕರೆಸಿದರು. ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಟ್ಟಿದ್ದಾರೆ, ಆದರೂ ಬಂದು ಹೋಗಬೇಕಂತೆ. ಕುರ್ಚಿ ತೋರಿಸಿದರು. ಅವರು ಯಾರಿಗೂ ಕುರ್ಚಿ ತೋರಿಸುವವರಲ್ಲ.

"ನೋಡು, ನಾನೇ ಕಾಗದ ಟೈಪ್ ಮಾಡಿಸಿದೀನಿ. 'ತಮಾಷೆಗೆ ಮಾಡಿದೆ, ತಪ್ಪಾಯಿತು, ಇನ್ನು ಮಾಡಲ್ಲ.' ಮೂರೇ ಸಾಲು. ಇದನ್ನ ಕೋರ್ಟಲ್ಲಿ ಕೊಡು. ಸಣ್ಣದೊಂದು ದಂಡ ಹಾಕಿ ಬಿಡ್ತಾರೆ. ನಾನು ಮೇಲಿನವರಿಗೆ ಹೇಳಿ ನಿನ್ನ ಮೈಕು ನಿನಗೇ ಉಳಿಸ್ತೀನಿ."

"ತಮಾಷೆಗಲ್ಲ ಅಂದ್ರೆ?"

"ಮತ್ತಿನ್ಯಾಕೆ?" ಅಂದರು. ಅವರ ಕಣ್ಣಲ್ಲಿ ನಿಜವಾದ ಗಾಬರಿ. "ತಮಾಷೆಗಲ್ಲ ಅಂದ್ರೆ ತಲೆ ಸರಿಯಿಲ್ಲ ಅಂತಾಗತ್ತೆ. ತಲೆ ಸರಿ ಇಲ್ಲದವಳ ಕೈಗೆ ಮೈಕು ಕೊಡೋಕಾಗತ್ತಾ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಕಾಗದ ಮಡಿಸಿ ಚೀಲದಲ್ಲಿಟ್ಟುಕೊಂಡೆ. ಅಕ್ಷರದೋಷ ಒಂದೂ ಇಲ್ಲ. ನನ್ನ ಬಗ್ಗೆ ಯಾರೂ ಇಷ್ಟು ಶುದ್ಧವಾಗಿ ಬರೆದಿರಲಿಲ್ಲ.

ಹೊರಗೆ ಬರುವಾಗ ನನ್ನ ಗೂಡಿನೊಳಗೆ ಬೇರೆ ಯಾರೋ ಕೂತಿದ್ದರು. ಆಕೆ 'ಪ್ರಯಾಣಿಕರ ಗಮನಕ್ಕೆ' ಎಂದರೆ ಪ್ರಯಾಣಿಕರು ನಿಜವಾಗಿಯೂ ಗಮನ ಕೊಡುತ್ತಾರೆ. ಅಸಹ್ಯ.


ಮಾರ್ಚ್ 12, ಗುರುವಾರ

ಅತ್ತಿಗೆ ಬಟ್ಟೆ ಹಿಂಡುತ್ತ, ತಲೆ ಎತ್ತದೆ, ಕೇಳಿದರು. "ತಮಾಷೆಗಾ?"

ಹೌದು ಅಂದೆ.

ಬಕೆಟ್ ಎತ್ತಿಕೊಂಡು ಮೇಲೆ ಹೋದರು.


ಮಾರ್ಚ್ 13, ಶುಕ್ರವಾರ

ಹೌದು ಯಾಕೆ ಅಂದೆ ಎಂಬ ಬಗ್ಗೆ ತನಿಖಾ ಸಮಿತಿ ರಚಿಸಲಾಗಿದೆ. ಸಮಿತಿ ಇನ್ನೂ ಸಭೆ ಸೇರಿಲ್ಲ.

ಸರ್ಕಾರವೇ ಕೊಟ್ಟ ವಕೀಲಮ್ಮನನ್ನು ನೋಡಲು ಹೋಗಿದ್ದೆ. ಮೆಟ್ಟಿಲ ಕೆಳಗಿನ ಕೋಣೆ. ಎತ್ತರದವರು ತಲೆ ಬಗ್ಗಿಸಿಯೇ ನ್ಯಾಯ ಕೇಳಬೇಕು. ಆಕೆಗೆ ನೆಗಡಿ. ಮೂಗೊರೆಸುತ್ತಲೇ ಕಾನೂನು ಹೇಳಿಕೊಟ್ಟರು.

"ಅಶಿಸ್ತಿನ ವರ್ತನೆ ಅಂದ್ರೆ ಒಂದು ದೊಡ್ಡ ಗೋಣಿಚೀಲ ಅಂದ್ಕೋ. ಬೀದೀಲಿ ಜಗಳ, ಕೂಗಾಟ, ದಾರಿ ಅಡ್ಡ ಹಾಕೋದು, ಕುಡಿದು ಕುಣಿಯೋದು, ಹೋಗು ಅಂದ್ರೂ ಹೋಗದೆ ನಿಲ್ಲೋದು. ಎಲ್ಲೂ ಸೇರದೇ ಇರೋದೆಲ್ಲ ಇದರೊಳಗೆ. ಕೂಗಿದ್ದೇ ತಪ್ಪಲ್ಲ. ಬೇಕಂತ ಜನರಿಗೆ ಕಿರಿಕಿರಿ, ಗಾಬರಿ ಆಗೋ ಹಾಗೆ ಮಾಡಿರ್ಬೇಕು. ಇಲ್ಲಾಂದ್ರೆ, ಆಗತ್ತೆ ಅಂತ ಗೊತ್ತಿದ್ದೂ ಆದರೆ ನನಗೇನು ಅಂತ ಮಾಡಿರ್ಬೇಕು. ಅದೂ ನ್ಯಾಯವಾದ ಉದ್ದೇಶ ಇಲ್ಲದೆ. ಉದ್ದೇಶ ಇತ್ತಾ?"

"ಏನು?"

"ಉದ್ದೇಶ. ಯಾಕೆ ಕರೆದೆ?"

"ನಿಯಮ ಇದೆ."

"ನಿಯಮ ಬರೋ ಡ್ರೈವರಿಗೆ. ಬರಕ್ಕಾಗಲ್ಲ ಅಂತ ಗೊತ್ತಿರೋ ಡ್ರೈವರನ್ನ ಹದಿನಾಲ್ಕು ಸಲ ಕರೆದೆಯಲ್ಲ, ಅದರ ಉದ್ದೇಶ."

ಗೋಡೆಯ ಮೇಲೆ ತೇವದ ಕಲೆ ಇತ್ತು. ಒಂದು ಕೊಡೆಯಂತೆ, ಅಥವಾ ಬೆನ್ನು ಬಗ್ಗಿಸಿದ ಗುಮಾಸ್ತನಂತೆ. ಅದನ್ನೇ ನೋಡುತ್ತಿದ್ದೆ. ಆಕೆ ತಮ್ಮ ಹಾಳೆಯಲ್ಲಿ 'ಉದ್ದೇಶ' ಎಂದು ಬರೆದು ಮುಂದೆ ಜಾಗ ಬಿಟ್ಟರು. "ಮುಂದಿನ ಸಲ ಬರುವಾಗ ತುಂಬ್ಕೊಂಡು ಬಾ," ಅಂದರು. ಶಾಲೆಯ ಹೋಂವರ್ಕಿನ ಹಾಗೆ.

ಊಟ: ಆಯಿತು. ಏನು ಎಂದು ನೆನಪಿಲ್ಲ.


ಮಾರ್ಚ್ 17, ಮಂಗಳವಾರ

ಮೂರು ನಲವತ್ತು. ನಾನು ಮನೆಯಲ್ಲಿದ್ದೆ. ಏನೂ ಆಗಲಿಲ್ಲ.

ಮೂರು ನಲವತ್ತಮೂರು. ಏನೂ ಆಗಲಿಲ್ಲ.


ಮಾರ್ಚ್ 21, ಶನಿವಾರ

ಪಟ್ಟಿ ಗುಮಾಸ್ತರು ಮನೆಗೆ ಬಂದಿದ್ದರು. ಯಾವ ಬಸ್ಸಿಗೆ ಯಾವ ಚಾಲಕ ಎಂದು ದಿನಾ ಬೆಳಿಗ್ಗೆ ಪಟ್ಟಿ ಬರೆದು ನನ್ನ ಗೂಡಿನ ಗಾಜಿಗೆ ಅಂಟಿಸುವವರು. ದಪ್ಪ ಮನುಷ್ಯ, ದಪ್ಪ ಕನ್ನಡಕ. ಬಾಗಿಲು ತೆಗೆದದ್ದು ಅತ್ತಿಗೆ. ನಾನು ಒಳಕೋಣೆಯಲ್ಲಿ ಸಭ್ಯವಾಗಿ ಕದ್ದು ಕೇಳುತ್ತಿದ್ದೆ.

"ತಪ್ಪು ನಂದಮ್ಮ. ಆವತ್ತು ನನಗೆ ಜ್ವರ. ಹೊಸ ಪಟ್ಟಿ ಬರೆಯೋಕೆ ಆಗ್ಲಿಲ್ಲ. ಕಡತದಿಂದ ಯಾವುದೋ ಹಳೇ ಮಂಗಳವಾರದ ಪಟ್ಟಿ ತೆಗೆದು ಮೇಲೆ ತಾರೀಕು ತಿದ್ದಿ ಅಂಟಿಸಿಬಿಟ್ಟೆ. ಅದರಲ್ಲಿ ನಿಮ್ಮ ಯಜಮಾನರ ನಂಬರ್ ಇರತ್ತೆ ಅಂತ ಹೊಳೀಲೇ ಇಲ್ಲ."

"ಹಳೇದು ಅಂದ್ರೆ ಯಾವಾಗಿಂದು?" ಅತ್ತಿಗೆಯ ದನಿ.

"ಡಿಸೆಂಬರ್ ಹದಿನಾರು."

ಆಮೇಲೆ ಅವರು ಅತ್ತರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು. ನಾನು ಹೊರಗೆ ಬಂದು ನೀರು ಕೊಟ್ಟೆ. ನನ್ನನ್ನು ಕಂಡದ್ದೇ ಇನ್ನೂ ಜೋರಾಯಿತು. "ಮೈಕಮ್ಮ, ನೀನಾದರೂ ಕೂಗಿ ಹೇಳಬಾರದಿತ್ತಾ, ಗುಮಾಸ್ತ ಕತ್ತೆ ಅಂತ? ಮೈಕು ನಿನ್ನ ಕೈಯಲ್ಲೇ ಇತ್ತಲ್ಲ."

"ನಿಯಮದಲ್ಲಿ ಕತ್ತೆ ಅನ್ನೋ ಪದ ಇಲ್ಲ ಸಾರ್," ಅಂದೆ.

ಅವರು ಅಳುವುದರ ಮಧ್ಯೆ ನಕ್ಕರು. ನಾನು ಎರಡನ್ನೂ ಮಾಡಲಿಲ್ಲ. ಅತ್ತಿಗೆ ನನ್ನನ್ನು ನೋಡಿದರು. ಗುಮಾಸ್ತರು ಹೋದ ಮೇಲೂ ಬಾಗಿಲ ಬಳಿಯೇ ನಿಂತಿದ್ದರು. "ಆ ಪಟ್ಟೀಲಿ ತಪ್ಪಿದೆ ಅಂತ ನಿನಗೆ ಗೊತ್ತಾಗಿತ್ತಾ?"

"ಓದಿದ ತಕ್ಷಣ."

"ಮತ್ತೆ?"

ಮತ್ತೆ ಎಂಬುದಕ್ಕೆ ಉತ್ತರ ವಕೀಲಮ್ಮನ ಖಾಲಿ ಜಾಗದಲ್ಲಿ ಇದೆ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಅಮ್ಮ ಒಳಗಿನಿಂದ ಕೂಗಿದರು, "ಬಾಗಿಲು ಹಾಕ್ರೇ, ಧೂಳು ಬರತ್ತೆ." ಹಾಕಿದೆವು. ಕೋಟಿನ ತೋಳು ಆಡಿತು.


ಮಾರ್ಚ್ 24, ಮಂಗಳವಾರ

ವಕೀಲಮ್ಮನ ನೆಗಡಿ ಹೋಗಿದೆ. ನನ್ನ ಹೋಂವರ್ಕ್ ಆಗಿರಲಿಲ್ಲ.

"ಸರಿ, ಉದ್ದೇಶ ಬೇಡ. ಪುಸ್ತಕ ತರಿಸ್ತೀನಿ. ನೀನು ನಿಯಮದ ಪ್ರಕಾರ ಮೂರು ನಿಮಿಷಕ್ಕೊಂದು ಸಲ ಕರೆದು ಬರೆದಿದೀಯ ಅಂತ ತೋರಿಸಿದ್ರೆ ಸಾಕು. ಕರೆಗಳ ಪುಸ್ತಕ ಇದೆ ತಾನೇ?"

ಇದೆ. ನೀಲಿ ರಟ್ಟು. ಪ್ರತಿ ಸಾಲಿನಲ್ಲಿ ತಾರೀಕು, ಹೊತ್ತು, ಚಾಲಕರ ಸಂಖ್ಯೆ, ಎಷ್ಟು ಕರೆ, ಫಲ. ಫಲದ ಕೆಳಗೆ 'ಬಂದರು' ಅಥವಾ 'ಬರಲಿಲ್ಲ' ಎಂದು ಬರೆಯಬೇಕು.

"ಪುಸ್ತಕ ಬೇಡ," ಅಂದೆ.

"ಯಾಕೆ?"

"ಅಕ್ಷರ ಚೆನ್ನಾಗಿಲ್ಲ."

ಆಕೆ ನನ್ನನ್ನು ನೋಡಿದ ರೀತಿ ನೋಡಿ, ಈ ಹೆಂಗಸು ಪುಸ್ತಕ ತರಿಸಿಯೇ ತೀರುತ್ತಾಳೆ ಎಂದು ಗೊತ್ತಾಯಿತು.

ಪುಸ್ತಕದಲ್ಲಿ ಡಿಸೆಂಬರ್ ಹದಿನಾರರ ಸಾಲೂ ಇದೆ. ಇಲ್ಲಿ ಬರೆದುಬಿಡುತ್ತೇನೆ. ಈ ನೋಟುಪುಸ್ತಕವನ್ನು ಯಾವ ಕೋರ್ಟೂ ತರಿಸುವುದಿಲ್ಲ.

ಅಣ್ಣ ತಡ ಮಾಡುವುದು ಹೊಸದಲ್ಲ. ಊಟದ ಮೇಲೆ ವಿಶ್ರಾಂತಿ ಕೋಣೆಯಲ್ಲಿ ಒರಗಿದರೆ ಅವನನ್ನು ಎಬ್ಬಿಸಲು ಮೈಕೇ ಬೇಕು. ನಾನು ಏನಾದರೂ ಕಿಡಿಗೇಡಿ ಪ್ರಕಟಣೆ ಕೂಗುತ್ತಿದ್ದೆ. ಅವನು ಬಂದು ಬಸ್ಸು ಹತ್ತಿ, ಹೊರಡುವಾಗ ನನ್ನ ಗೂಡಿನ ಪಕ್ಕ ಹಾರನ್ನನ್ನು ಎರಡು ಸಲ ಮೆಲ್ಲಗೆ ಒತ್ತುತ್ತಿದ್ದ. ಪೀಂ, ಪೀಂ. ಮನೆಗೆ ಬಾ, ನೋಡ್ಕೋತೀನಿ ಎಂದು ಅದರ ಅರ್ಥ.

ಆವತ್ತೂ ಕೂಗಿದೆ. ಏನು ಕೂಗಿದೆನೆಂದು ಪೂರ್ತಿ ನೆನಪಿದೆ, ಬರೆಯುವುದಿಲ್ಲ. ಇಡೀ ನಿಲ್ದಾಣ ನಕ್ಕಿತು. ಗಾಜಿನಾಚೆ ಹಣ್ಣು ಮಾರುವವಳು ಹೊಟ್ಟೆ ಹಿಡಿದುಕೊಂಡು ನಗುವುದು ನನಗೆ ಕಾಣುತ್ತಿತ್ತು. ಆ ಹುರುಪಿಗೆ ಎರಡನೆಯ ಸಲವನ್ನು ಇನ್ನೂ ಚೆನ್ನಾಗಿ ಕೂಗಿದೆ. ಮೂರನೆಯದು ಮುಗಿಯುವಷ್ಟರಲ್ಲಿ ಯಾರೋ ಬಂದು ಗಾಜು ಬಡಿದರು.

ವೈದ್ಯರ ಕಾಗದದಲ್ಲಿ, ಪ್ರಾಣ ಹೋದದ್ದು ಮೂರೂವರೆಯಿಂದ ನಾಲ್ಕರೊಳಗೆ ಎಂದಿದೆ. ನನ್ನ ಮೊದಲ ಕರೆ ಮೂರು ನಲವತ್ತಕ್ಕೆ. ವಿಶ್ರಾಂತಿ ಕೋಣೆಯಲ್ಲಿ ಧ್ವನಿವರ್ಧಕ ಬೆಂಚಿನ ನೇರ ಮೇಲಿದೆ. ಅಷ್ಟೇ.

ಓಡುವಾಗ ಆ ಸಾಲಿನ ಫಲ ಬರೆಯುವುದು ಬಿಟ್ಟುಹೋಯಿತು. ಇನ್ನೂ ಖಾಲಿ ಇದೆ.

ಇದು ಅತ್ತಿಗೆಗೆ ಗೊತ್ತಿಲ್ಲ. ನಿಲ್ದಾಣಕ್ಕೆಲ್ಲ ಗೊತ್ತು, ಯಾರೂ ಅವರಿಗೆ ಹೇಳಿಲ್ಲ. ಜನ ಅಷ್ಟು ಕೆಟ್ಟವರಲ್ಲ.


ಮಾರ್ಚ್ 29, ಭಾನುವಾರ

ಪರಿಸ್ಥಿತಿಯ ಅವಲೋಕನ, ಆರೋಪಿಯ ಉಪಯೋಗಕ್ಕಾಗಿ.

ತಮಾಷೆಗೆ ಮಾಡಿದೆ ಎಂದರೆ ಮೈಕು ಉಳಿಯುತ್ತದೆ. ಅತ್ತಿಗೆಯ ಲೆಕ್ಕದಲ್ಲಿ ನಾನು ಅವರ ಗಂಡನ ಸಾವಿನ ಮೇಲೆ ಆಟ ಆಡಿದವಳಾಗಿ ಸಾಯುವ ತನಕ ಈ ಮನೆಯಲ್ಲಿ ಓಡಾಡುತ್ತೇನೆ. ತಮಾಷೆಯಲ್ಲ ಎಂದರೆ ಡಿಸೆಂಬರ್ ಹದಿನಾರನ್ನು ಬಿಚ್ಚಬೇಕು. ಆಗ, ಅವರ ಗಂಡ ಬೆಂಚಿನ ಮೇಲೆ ಹಾಗೆ ಇರುವಾಗ ಇಡೀ ಊರನ್ನು ನಗಿಸುತ್ತಿದ್ದವಳು ನಾನು ಎಂದು ಗೊತ್ತಾಗುತ್ತದೆ. ಎರಡೂ ಕಡೆ ಅತ್ತಿಗೆ ಇಲ್ಲ. ಒಂದು ಕಡೆ ಮೈಕಾದರೂ ಇದೆ.

ಟೈಪ್ ಮಾಡಿದ ಮೂರು ಸಾಲಿಗೆ ಸಹಿ ಹಾಕಿ ಚೀಲದಲ್ಲಿಟ್ಟಿದ್ದೇನೆ. ಏನೂ ಅನ್ನಿಸಲಿಲ್ಲ. ಪೆನ್ನು ಚೆನ್ನಾಗಿ ಬರೆಯುತ್ತಿದೆ.

ಅಮ್ಮ ತಲೆ ಬಾಚುತ್ತ, "ಕೋರ್ಟಲ್ಲಿ ಹಲ್ಲು ಕಿಸೀಬೇಡ್ವೇ, ದಮ್ಮಯ್ಯ," ಅಂದರು. "ಚಿಕ್ಕೋಳಿದ್ದಾಗಿಂದ ನಿನಗೆ ಹೆದರಿಕೆ ಆದ್ರೆ ನಗು ಬರತ್ತೆ. ನಿನ್ನಣ್ಣಂಗೆ ಮಾತ್ರ ಅದು ಗೊತ್ತಾಗ್ತಿತ್ತು."

ಗಂಟು ಬಿಡಿಸಲು ಜೋರಾಗಿ ಎಳೆದರು. ನೋವಾಯಿತು. ನೋವಾಯಿತು ಎಂದು ದಾಖಲಿಸಲಾಗಿದೆ.


ಏಪ್ರಿಲ್ 2, ಗುರುವಾರ

ಆರೋಪಿ ಶಿಕ್ಷೆ ಅನುಭವಿಸಿ ಬಂದು ಈಗ ಮಂಚದ ಮೇಲೆ ಕೂತು ಬರೆಯುತ್ತಿದ್ದಾಳೆ. ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಬಿಟ್ಟುಹೋಗುತ್ತದೆ.

ಕೋರ್ಟು ಒಂದು ಉದ್ದನೆಯ ಕೋಣೆ. ನನಗಿಂತ ಮುಂಚೆ, ಪಕ್ಕದ ಮನೆಯ ಹುಂಜವನ್ನು ಬೈಯಲು ಬೆಳಿಗ್ಗೆ ಐದಕ್ಕೆ ತಮಟೆ ಬಾರಿಸಿದ ಒಬ್ಬ ನಿವೃತ್ತ ಮೇಷ್ಟ್ರು. ಅವರದೂ ನನ್ನದೇ ಕಲಮು. "ಹುಂಜಕ್ಕೆ ನೋಟಿಸ್ ಕೊಟ್ಟಿದೀರಾ?" ಎಂದು ಅವರು ಕೇಳಿದ್ದಕ್ಕೆ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. ವಯಸ್ಸಾದ ಹೆಂಗಸು, ದನಿ ತೀರಾ ಮೆಲ್ಲಗೆ. ಆಕೆ ಮಾತಾಡಿದರೆ ಎಲ್ಲರೂ ಮುಂದೆ ಬಾಗುತ್ತಾರೆ. ಮೈಕಿಲ್ಲದೆ ಅದು ಹೇಗೆ ಸಾಧ್ಯ ಎಂದು ವೃತ್ತಿಪರ ಅಸೂಯೆಯಾಯಿತು.

ತಿರುಗಿ ನೋಡಿದರೆ ಕೊನೆಯ ಬೆಂಚಿನಲ್ಲಿ ಅತ್ತಿಗೆ. ಬರುತ್ತೇನೆಂದು ಹೇಳಿರಲಿಲ್ಲ. ಮಡಿಲಲ್ಲಿ ಒಂದು ಡಬ್ಬಿ.

ನನ್ನ ಸರದಿ ಬಂತು. ಮೇಲ್ವಿಚಾರಕರು ಚೀಲದ ಕಡೆ ಕಣ್ಣು ಮಾಡಿದರು: ಕಾಗದ ತೆಗಿ. ತೆಗೆದೆ. ಅಷ್ಟರಲ್ಲಿ ವಕೀಲಮ್ಮ ನೀಲಿ ರಟ್ಟಿನ ಪುಸ್ತಕವನ್ನು ಮೇಜಿನ ಮೇಲಿಟ್ಟಾಗಿತ್ತು. ನ್ಯಾಯಾಧೀಶರು ಮಾರ್ಚ್ ಮೂರನ್ನು ನೋಡಿದರು. ಹದಿನಾಲ್ಕು ಕರೆ, ಹದಿನಾಲ್ಕು ಹೊತ್ತು. ಅಷ್ಟಕ್ಕೇ ಬಿಡಬಾರದಿತ್ತೆ? ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವಿದರು, ಮದುವೆಯ ಆಲ್ಬಂ ನೋಡುವವರ ಹಾಗೆ. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಫಲ ಬರೆದಿಲ್ಲ. ಅದೇ ನಂಬರು, ಅದೇ ಹೊತ್ತು. ಯಾಕೆ?"

ಕಾಗದ ಕೈಯಲ್ಲಿತ್ತು. ಓದಿದರಾಯಿತು, ಮೂರೇ ಸಾಲು. 'ತಮಾಷೆಗೆ' ಎಂಬ ಮೊದಲ ಪದ ಕಾಣುತ್ತಿತ್ತು. ಓದಲು ಬಾಯಿ ತೆರೆದೆ.

"ಆವತ್ತೇ ತಮಾಷೆ ಮಾಡಿದ್ದು," ಅಂದೆ. "ಮಾರ್ಚಲ್ಲಿ ಮಾಡಿಲ್ಲ."

ಎಲ್ಲ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ ಗೊತ್ತಿಲ್ಲ. ಬೆಂಚು, ಧ್ವನಿವರ್ಧಕ, ಹಣ್ಣು ಮಾರುವವಳು, ವೈದ್ಯರ ಕಾಗದ. ನನ್ನ ದನಿ ಪ್ರಕಟಣೆಯ ದನಿಯಲ್ಲೇ ಇತ್ತು. ಬೇರೆ ದನಿ ನನ್ನ ಬಳಿ ಇಲ್ಲ. ಹಿಂದೆ ತಿರುಗಲಿಲ್ಲ.

"ಹಾಗಾದ್ರೆ ಮಾರ್ಚ್ ಮೂರರಂದು ಕರೆದದ್ದು ಯಾಕೆ?" ನ್ಯಾಯಾಧೀಶರು ಕೇಳಿದರು. "ನಿಮ್ಮ ಉದ್ದೇಶ ಏನಿತ್ತು?"

ವಕೀಲಮ್ಮ ಪೆನ್ನು ಹಿಡಿದಿದ್ದರು, ಖಾಲಿ ಜಾಗದ ಮುಂದೆ.

"ಪಟ್ಟೀಲಿ ಅವನ ನಂಬರಿತ್ತು. ಒಂದು ಸಲ ಸರಿಯಾಗಿ ಕರೆಯೋಣ ಅಂತ. ತಮಾಷೆ ಇಲ್ಲದೆ, ನಿಯಮದಲ್ಲಿ ಇರೋ ಹಾಗೆ. ಕರೆದ ಮೇಲೆ ಅವನು ಹೊರಡುವಾಗ ಎರಡು ಸಲ ಹಾರನ್ ಒತ್ತುತ್ತಾನೆ. ಅದಕ್ಕೆ ಕಾಯ್ತಿದ್ದೆ. ಬಾಗಿಲು ಬಡಿದದ್ದು ಕೇಳಿಸ್ತು. ತೆಗೆದರೆ ಹೊರಗಿನ ಗಲಾಟೇಲಿ ಹಾರನ್ ಕೇಳಿಸಲ್ಲ ಅಂತ ತೆಗೀಲಿಲ್ಲ."

"ಬರಲ್ಲ ಅಂತ ಗೊತ್ತಿತ್ತಲ್ಲ?"

"ಗೊತ್ತಿತ್ತು."

ಆಕೆ ಬರೆದುಕೊಳ್ಳುವ ಗುಮಾಸ್ತನಿಗೆ ಮೆಲ್ಲನೆ ಬರೆಸಿದರು: 'ಚಾಲಕರನ್ನು ಕರೆಯುವ ಉದ್ದೇಶ.'

ತೀರ್ಪು. ಕರೆದದ್ದು ಅಪರಾಧವಲ್ಲ, ಕರೆಯುವುದು ಆಕೆಯ ಕೆಲಸ. ಆದರೆ ಹೊರಗೆ ಒಬ್ಬ ಮನುಷ್ಯನ ಅಂಗಿ ಹರಿಯುತ್ತಿರುವಾಗ, ಮೇಲಿನವರು ಬಡಿದಾಗ, ಬಾಗಿಲು ತೆಗೆಯದಿದ್ದದ್ದು ಅಪರಾಧ. ಅಷ್ಟರ ಮಟ್ಟಿಗೆ ತಪ್ಪಿತಸ್ಥೆ. ಶಿಕ್ಷೆ: ಇವತ್ತು ಕೋರ್ಟು ಏಳುವವರೆಗೆ ಇಲ್ಲೇ ಕೂತಿರತಕ್ಕದ್ದು. ಕೆಲಸದ ವಿಷಯ ಇಲಾಖೆಗೆ ಬಿಟ್ಟದ್ದು, ಆದರೆ ಹಳೇ ಪಟ್ಟಿ ಅಂಟಿಸಿದ ಇಲಾಖೆ ತನ್ನ ಗಾಜನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು.

ಆಗ ಹನ್ನೆರಡೂಕಾಲು. ದಿನದ ಕೆಲಸ ಮುಗಿದು ಕೋರ್ಟು ಏಳುವುದು ಐದಕ್ಕೆ.

ಪಕ್ಕದ ಬೆಂಚಿನಲ್ಲಿ ಕೂರಿಸಿದರು. ಬೇರೆಯವರ ಲಘು ಅಪರಾಧಗಳು ಸಾಲಾಗಿ ಬಂದು ಹೋದವು. ಒಂದು ಗಂಟೆಯ ಮೇಲೆ ಯಾರೋ ಬಂದು ಪಕ್ಕದಲ್ಲಿ ಕೂತರು. ಡಬ್ಬಿ ನೋಡಿ ಗೊತ್ತಾಯಿತು.

ಇಬ್ಬರೂ ಮುಂದೆ ನೋಡುತ್ತಿದ್ದೆವು.

"ಅವತ್ತು ಹೌದು ಅಂದೆಯಲ್ಲ," ಅತ್ತಿಗೆ ಅಂದರು.

"ಅಂದೆ."

"ಗೂಬೆ."

ಡಬ್ಬಿ ತೆರೆದರು. ಬ್ರೆಡ್ಡಿನ ಮಧ್ಯೆ ಮೊಟ್ಟೆ. ಒಂದು ನನಗೆ, ಒಂದು ಅವರಿಗೆ. ತಿನ್ನುತ್ತ ಬಹಳ ಹೊತ್ತು ಕಳೆಯಿತು. ಆಮೇಲೆ, ಅದೇ ದನಿಯಲ್ಲಿ: "ಏನಂತ ಕರೆದೆ? ಆವತ್ತು. ಇದ್ದದ್ದು ಇದ್ದ ಹಾಗೆ ಹೇಳು."

"ಬೇಡ ಅತ್ತಿಗೆ."

"ಊರೆಲ್ಲ ಕೇಳಿದೆ. ನಾನೊಬ್ಬಳೇ ಕೇಳಿಲ್ಲ."

ಹೇಳಿದೆ. ಕಿವಿಯ ಹತ್ತಿರ, ಮೈಕಿನ ದನಿಯಲ್ಲಿ, ಆದರೆ ಮೆಲ್ಲಗೆ. "ಚಾಲಕ ಇಪ್ಪತ್ತೇಳು, ಚಾಲಕ ಇಪ್ಪತ್ತೇಳು. ತಮ್ಮ ನಿದ್ರಾಭಂಗಕ್ಕಾಗಿ ನಿಲ್ದಾಣವು ತೀವ್ರವಾಗಿ ವಿಷಾದಿಸುತ್ತದೆ. ಅರವತ್ತು ಮಂದಿ ಪ್ರಯಾಣಿಕರು ಮತ್ತು ಒಂದು ಬಸ್ಸು ಆರನೇ ಅಂಕಣದಲ್ಲಿ ತಮ್ಮ ಪಾದಸ್ಪರ್ಶಕ್ಕಾಗಿ ಕಾದಿವೆ. ಮುಖ ತೊಳೆದುಕೊಂಡು ಬರಬಹುದು. ಬಾಯಿಯ ಜೊಲ್ಲು ಒರೆಸಿಕೊಂಡು ಬರುವುದು ಕಡ್ಡಾಯ."

ಅತ್ತಿಗೆ ಮುಂದೆ ನೋಡುತ್ತಲೇ ಇದ್ದರು. ಮುಖ ಗಟ್ಟಿಯಾಗಿತ್ತು. ಮುಗಿಯಿತು ಅಂದುಕೊಂಡೆ.

"ಜೊಲ್ಲು ಸುರೀತಿತ್ತು," ಅಂದರು. "ದಿಂಬಿನ ಚೀಲ ದಿನಾ ಒಗೀಬೇಕಿತ್ತು. ನಿನಗೆ ಹೇಗೆ ಗೊತ್ತು?"

"ಚಿಕ್ಕಂದಿನಿಂದ ನನ್ನ ಹೆಗಲ ಮೇಲೇ ಸುರಿಸ್ತಿದ್ದ."

ಅವರ ಭುಜ ಅಲ್ಲಾಡಿತು. ಅಳುತ್ತಿದ್ದಾರೆಂದು ತಿರುಗಿದೆ. ನಗುತ್ತಿದ್ದರು. ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು. ನನಗೂ ಶುರುವಾಯಿತು. ನಿಲ್ಲಿಸಲು ಹೋದರೆ ಮೂಗಿನಿಂದ ಗೊರಕೆಯಂಥ ಸದ್ದು ಹೊರಟಿತು. ಮುಂದಿನ ಬೆಂಚಿನವರೆಲ್ಲ ತಿರುಗಿದರು. ಬಾಗಿಲ ಜವಾನ ಕೋಲು ಕುಟ್ಟಿದ. "ಏನಮ್ಮ ಇದು? ಶಿಕ್ಷೆ ಮುಗಿಯೋ ಮುಂಚೆ ಇನ್ನೊಂದು ಕೇಸಾ? ಕೋರ್ಟು ಇನ್ನೂ ಎದ್ದಿಲ್ಲ!"

ನ್ಯಾಯಾಧೀಶರು ತಲೆ ಎತ್ತಿದರು. ನಮ್ಮಿಬ್ಬರನ್ನೂ ನೋಡಿದರು. ಮತ್ತೆ ತಮ್ಮ ಕಾಗದಕ್ಕೆ ತಲೆ ತಗ್ಗಿಸಿದರು.

ಯಾವಾಗ ನಗು ಹೋಗಿ ಇನ್ನೊಂದು ಬಂತೋ ಗೊತ್ತಾಗಲಿಲ್ಲ. ಅತ್ತಿಗೆಯ ಸೆರಗು ಒದ್ದೆಯಾಗಿದೆ. ನನ್ನದೋ ಅವರದೋ ಹೇಳಲಾಗುವುದಿಲ್ಲ. ಐದು ಗಂಟೆಗೆ ಕೋರ್ಟು ಎದ್ದಿತು. ನಾವೂ ಎದ್ದೆವು.

ಊಟ: ಬ್ರೆಡ್ಡು, ಮೊಟ್ಟೆ. ಉಪ್ಪು ಜಾಸ್ತಿ. ಅತ್ತಿಗೆ ಯಾವಾಗಲೂ ಹಾಗೇ.


ಏಪ್ರಿಲ್ 7, ಮಂಗಳವಾರ

ಇನ್ನೊಂದು ಎಚ್ಚರಿಕೆ ಪತ್ರದ ಸಮೇತ ಮೈಕು ವಾಪಸು ಬಂದಿದೆ. ಈ ಪತ್ರಕ್ಕೆ ಚೌಕಟ್ಟು ನಾನೇ ಹಾಕಿಸಬೇಕು.

ಗಾಜಿನ ಮೇಲೆ ಹೊಸ ಪಟ್ಟಿ. ಗುಮಾಸ್ತರು ಈಗ ಪ್ರತಿ ನಂಬರನ್ನೂ ಎರಡು ಸಲ ಓದಿ ಹೇಳಿ ಅಂಟಿಸುತ್ತಾರೆ. ಮೂರು ನಲವತ್ತಕ್ಕೆ ಚಾಲಕ ನಲವತ್ತೊಂದು. ಹೊತ್ತಿಗೆ ಸರಿಯಾಗಿ ಬಂದ. ಹೊಸ ಅಂಗಿ. ನನ್ನನ್ನು ನೋಡಿ, ಕರೆಯೋ ಮೊದಲೇ ಬಂದಿದೀನಮ್ಮ, ನೋಡ್ಕೋ ಎನ್ನುವಂತೆ ಎರಡೂ ಕೈ ಎತ್ತಿ ತೋರಿಸಿದ. ಹಾರನ್ ಒತ್ತಲಿಲ್ಲ. ಅವನಿಗೆ ಆ ಅಭ್ಯಾಸವಿಲ್ಲ.

ನೀಲಿ ಪುಸ್ತಕವೂ ಕೋರ್ಟಿನಿಂದ ಬಂದಿದೆ. ಬಸ್ಸು ಹೋದ ಮೇಲೆ ಕೆಂಪು ದೀಪ ಆರಿಸಿ, ಚಿಲಕ ತೆಗೆದು, ಡಿಸೆಂಬರ್ ಹದಿನಾರರ ಪುಟ ಹುಡುಕಿದೆ. ಚಾಲಕ ಇಪ್ಪತ್ತೇಳು. ಕರೆ: ಮೂರು. ಫಲದ ಕೆಳಗೆ ಬರೆದೆ.

ಬರಲಿಲ್ಲ.

ಅಕ್ಷರ ಸ್ವಲ್ಪ ಓರೆಯಾಗಿದೆ. ಇರಲಿ. ಹಣ್ಣು ಮಾರುವವಳು ಬಾಗಿಲ ಬಳಿ ನಿಂತು, ಯಾರದೋ ಕೊಡೆ ಸಿಕ್ಕಿದೆ, ಕೂಗ್ತೀಯಾ ಎಂದು ಕೇಳುತ್ತಿದ್ದಳು.